ಅಲ್ಲಾಡದ ಹನ್ನೆರಡು

ಗದಿಗೆಪ್ಪನಿಗೆ ಅಂದು ಬೆಳಗ್ಗೆ ಸುಮ್ಮನೆ ಕೂರಲು ಬಂದಿದ್ದರೆ ವಾಹಿದನ ದಿನ ನೆಟ್ಟಗೆ ನಡೆಯುತ್ತಿತ್ತು. ಆದರೆ ಗದಿಗೆಪ್ಪ ಸುಮ್ಮನೆ ಕೂರುವ ಪೈಕಿಯಲ್ಲ. ರೋಣದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಪಳಗಿದ ಕೈ ಅದು. ಮಗಳು ಇಲ್ಲಿಯ ಸಿಟಿಜನ್ ಆಗಿ ಅಪ್ಪನನ್ನು ಕರೆಸಿಕೊಂಡ ಮೇಲೆ, ಮಿಷಿಗನ್ನಿನ ಚಳಿಯಲ್ಲಿ ಮೊಮ್ಮಕ್ಕಳ ಕಾರ್ಟೂನು ನೋಡುತ್ತ ಕೂರಲಾರದೆ, ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನ ಈ ಶೆಡ್ಡಿಗೆ ಬಂದು ಕೆಲಸಕ್ಕೆ ಸೇರಿದ್ದ. ವಾಹಿದ್ ಬರುವ ಮೊದಲೇ ಬಂದವನು, ಮೇಜಿನ ಮೇಲೆ ದಿಕ್ಕಿಗೊಂದರಂತೆ ಬಿದ್ದಿದ್ದ ಅವನ ಮೀಟರಿನ ತಂತಿಗಳನ್ನೆಲ್ಲ ಒಟ್ಟುಗೂಡಿಸಿ, ಮದುಮಗಳ ಜಡೆಯ ಹಾಗೆ ಹೆಣೆದು, ಗೇಣಿಗೊಂದು ಪ್ಲಾಸ್ಟಿಕ್ ಪಟ್ಟಿ ಬಿಗಿದಿಟ್ಟಿದ್ದ.

“ಸಾಹೇಬ್ರ, ಇವತ್ತ ಮಂದಿ ಬರೂದೈತಿ. ನಿಮ್ಮ ತಂತಿ ನೋಡಿದ್ರ ಕೋಳಿ ಕೆದರಿದ ತಿಪ್ಪಿ ಆಗಿದ್ವು. ಒಂದೀಟು ಸ್ವಚ್ಛ ಮಾಡೇನಿ ನೋಡ್ರಿ,” ಎಂದ.

ವಾಹಿದ್ ಕೋಟು ಬಿಚ್ಚುವ ಮೊದಲೇ ಸ್ವಿಚ್ಚು ಹಾಕಿದ. ಮೀಟರು ಮೂವತ್ತೆಂಟು ಎಂದಿತು. ಅದು ಹೇಳಬೇಕಾಗಿದ್ದದ್ದು ಹನ್ನೆರಡು.

ಮೀಟರಿನ ಕೆಲಸ ಕೇಳಲು ಸಣ್ಣದು. ಕಾರಿನಲ್ಲಿ ಡ್ರೈವರನ ಪಕ್ಕದ ಸೀಟಿನೆದುರು ಕಾಗದಪತ್ರ ಇಡುವ ಗ್ಲೋವ್ ಬಾಕ್ಸ್ ಇರುತ್ತದಲ್ಲ, ಅದರ ಮುಚ್ಚಳಕ್ಕೆ ಕಿರುಬೆರಳುದ್ದದ ಒಂದು ಉಕ್ಕಿನ ಕೀಲು ಹಾಕುತ್ತಾರೆ. ಆ ಕೀಲಿನಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಕೀಲುಗಳನ್ನು ಒಂದರ ಹಿಂದೊಂದು ಒಂದು ಕೊಳವೆಯೊಳಗೆ ತಳ್ಳುವುದು. ಕೊಳವೆಯ ಸುತ್ತ ಎರಡು ಕಾಯಿಲ್. ಒಂದರಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷ ಸಲ ಹಿಂದಕ್ಕೂ ಮುಂದಕ್ಕೂ ಹರಿದು ಕೀಲನ್ನು ಮಾತಾಡಿಸುತ್ತದೆ, ಇನ್ನೊಂದು ಅದು ಕೊಡುವ ಮಾರುತ್ತರಕ್ಕೆ ಕಿವಿಗೊಡುತ್ತದೆ. ಕೀಲು ಗಟ್ಟಿಯಿದ್ದರೆ ಮಾರುತ್ತರ ಹನ್ನೆರಡು ಮಿಲಿವೋಲ್ಟ್, ಒಳಗೆಲ್ಲೋ ಬಿರುಕು ಬಿಟ್ಟಿದ್ದರೆ ಎಂಟು. ಸಂತೆಯಲ್ಲಿ ಮಡಕೆ ಕೊಳ್ಳುವವಳು ಬೆರಳು ಮಡಿಸಿ ತಟ್ಟಿ ನೋಡುತ್ತಾಳಲ್ಲ, ಅದೇ ಕೆಲಸ.

ತೊಡಕಿದ್ದದ್ದು ಕೇಳಿದ್ದನ್ನು ಅಳೆಯುವಲ್ಲಿ. ಅಳೆಯಬೇಕಾದದ್ದು ಜರಿಹುಳದಂತೆ ಎರಡೂ ಬದಿಗೆ ಕಾಲಿರುವ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು. ಅದು ಲೆಕ್ಕದಲ್ಲಿ ಚುರುಕು, ಆದರೆ ಕಣ್ಣು ಮಂದ. ಲಕ್ಷ ಸಲ ಕುಣಿಯುವುದನ್ನು ಹಿಂಬಾಲಿಸಲು ಅದರಿಂದಾಗದು. ಐದು ಮಿಲಿವೋಲ್ಟಿಗಿಂತ ಕಡಿಮೆ ವ್ಯತ್ಯಾಸವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದು. ಅದರ ಕೈಯಲ್ಲಿ ಇದನ್ನು ಅಳೆಸುವುದೆಂದರೆ ಕೊಳಗದಲ್ಲಿ ಸಾಸಿವೆ ಅಳೆದಂತೆ, ಅದೂ ಗಾಳಿಗೆ ತೂರಿದ ಸಾಸಿವೆ. ಹಾಗಾಗಿ ವಾಹಿದ್ ನಡುವೆ ಒಂದು ಚುರುಕಾದ ಆಂಪ್ಲಿಫೈಯರ್ ಚಿಪ್ಪು ಕೂರಿಸಿ, ಮಾರುತ್ತರವನ್ನು ನೂರು ಪಟ್ಟು ಹಿಗ್ಗಿಸಿ, ಅದರ ಕುಣಿತ ನಿಲ್ಲಿಸಿ, ಆಮೇಲೆ ಕೂಸಿಗೆ ತುತ್ತು ಕೊಟ್ಟ ಹಾಗೆ ಕಂಟ್ರೋಲರಿನ ಬಾಯಿಗೆ ಇಡುತ್ತಿದ್ದ. ಶಿಗ್ಗಾವಿಯಿಂದ ಹೊರಟು ಎರಡು ಸಮುದ್ರ ದಾಟಿ ಬಂದವನು ಕಳೆದ ಬೇಸಿಗೆಯಿಂದ ಮಾಡಿದ್ದು ಇದೊಂದನ್ನೇ.

ಆ ಹನ್ನೆರಡಕ್ಕೆ ವಾಹಿದನ ಗ್ರೀನ್ ಕಾರ್ಡು ಗಂಟುಬಿದ್ದಿತ್ತು. ಅದು ಎರಡು ಸಾವಿರದ ಮೂರನೇ ಇಸವಿ, ಡೆಟ್ರಾಯಿಟಿನ ಸುತ್ತ ದಿನಕ್ಕೊಂದು ಕಂಪನಿ ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಅವನ ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ಶೆಡ್ಡಿನ ಮಾಲೀಕರು ಮೈಸೂರಿನ ಶಿವರಾಮು. ಒಳ್ಳೆಯವರು, ಆದರೆ ಸಹಿ ಹಾಕುವುದರಲ್ಲಿ ಸಾವಕಾಶ. ಗಿರಾಕಿ ಮೀಟರನ್ನು ಒಪ್ಪಿದ ದಿನವೇ ಅರ್ಜಿಗೆ ಸಹಿ ಹಾಕುತ್ತೇನೆಂದು ಮಾತು ಕೊಟ್ಟಿದ್ದರು. ಅರ್ಜಿಗೊಂದು ಕಟ್ಟಳೆಯಿತ್ತು: ಈ ಕೆಲಸಕ್ಕೆ ಅಮೆರಿಕದವರು ಯಾರೂ ಸಿಗಲಿಲ್ಲ ಎಂದು ಸರಕಾರಕ್ಕೆ ತೋರಿಸಬೇಕು. ಇಷ್ಟು ಸಣ್ಣದನ್ನು, ಇಷ್ಟು ವೇಗದ್ದನ್ನು, ಇಷ್ಟು ಬಡಪಾಯಿ ಚಿಪ್ಪಿನಿಂದ ಅಳೆಯಲು ಹೊರಡುವವನು ಬೇರೆ ಸಿಗಲಾರನೆಂದು ವಕೀಲರಿಗೂ ನಂಬಿಕೆ ಬಂದಿತ್ತು. ಗಿರಾಕಿ ಬರುವುದು ಅಂದು ಮಧ್ಯಾಹ್ನ ನಾಲ್ಕಕ್ಕೆ. ವಕೀಲರು ಫೋನ್ ಮಾಡುವುದು ಐದಕ್ಕೆ.

ಮೂವತ್ತೆಂಟು ಎಲ್ಲಿಂದ ಬಂತೆಂದು ವಾಹಿದನಿಗೆ ಜಡೆ ಕಂಡೊಡನೆ ತಿಳಿಯಿತು. ಕೂಗುವ ಕಾಯಿಲಿನ ತಂತಿಯನ್ನೂ ಕೇಳುವ ಕಾಯಿಲಿನ ತಂತಿಯನ್ನೂ ಗದಿಗೆಪ್ಪ ಒಂದೇ ಹೆಣಿಗೆಯಲ್ಲಿ ಸೇರಿಸಿದ್ದ. ಕೂಗು ಕೀಲಿನ ತನಕ ಹೋಗುವ ಗೊಡವೆಯೇ ಇಲ್ಲದೆ ದಾರಿಯಲ್ಲೇ ಪಕ್ಕದ ತಂತಿಗೆ ಹಾರಿಕೊಳ್ಳುತ್ತಿತ್ತು. ಹಿರಿಯನಿಗೆ ಏನೆನ್ನುವುದು? ವಾಹಿದ್ ಕತ್ತರಿ ಕೇಳಿದ.

ಅಷ್ಟರಲ್ಲಿ ಶಿವರಾಮು ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. “ಹನ್ನೆರಡು ಬರಬೇಕಾದ್ದು ಮೂವತ್ತೆಂಟು ಬರ್ತಿದೆಯೇ? ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವೇನ್ರೀ?”

ಉತ್ತರ ಕೊಡಲು ವಾಹಿದ್ ಅವರತ್ತ ತಿರುಗಿದ. ಪಟ್ಟಿಗೆ ಹಾಕಿದ ಕತ್ತರಿ ತಂತಿಯನ್ನೂ ಕಚ್ಚಿತು. ತುಂಡಾದ ತಂತಿಯ ತುದಿ ಎಗರಿ ಹೋಗಿ, ಮುಟ್ಟಬಾರದ ಕಡೆಯೇ ಮುಟ್ಟಿತು. ಚಿಟ್ ಎಂದಿತು. ಸುಟ್ಟ ಹುಣಸೆಬೀಜದ ವಾಸನೆ ಎದ್ದಿತು. ಆಂಪ್ಲಿಫೈಯರ್ ಚಿಪ್ಪು ತೀರಿಕೊಂಡಿತ್ತು.

ಸಾವಿನ ಮನೆಗೆ ಬಂದವರೆಲ್ಲ ಒಂದೊಂದು ಬುದ್ಧಿ ಹೇಳುತ್ತಾರೆ. ಮೊದಲು ಬಂದವಳು ಪದ್ಮಜಾ. ರಾಜಾಜಿನಗರದ ಹುಡುಗಿ, ಚಿಪ್ಪಿನ ಪ್ರೋಗ್ರಾಮು ಬರೆಯುವವಳು. ಲೋಕದ ಯಾವ ಕಾಯಿಲೆಗೂ ಮದ್ದು ಪ್ರೋಗ್ರಾಮಿನಲ್ಲೇ ಇದೆಯೆಂದು ನಂಬಿದವಳು.

“ಆಂಪ್ಲಿಫೈಯರ್ ಇಲ್ಲದಿದ್ರೆ ಏನಾಯ್ತು? ಸಾವಿರ ಸಲ ರೀಡ್ ಮಾಡಿ ಆವರೇಜ್ ತೆಗೆದ್ಬಿಡ್ತೀನಿ. ಎಷ್ಟೇ ಸಣ್ಣ ಸಿಗ್ನಲ್ ಆದ್ರೂ ಬಂದೇ ಬರುತ್ತೆ.”

ಇದು ಎಷ್ಟು ಮೇಲೇರುತ್ತದೋ ಅಷ್ಟೇ ಕೆಳಗಿಳಿಯುವ ಸಿಗ್ನಲ್ಲು, ಕೂಡಿದರೆ ಏನೂ ಉಳಿಯುವುದಿಲ್ಲ ಎಂದು ವಾಹಿದ್ ಹೇಳುವಷ್ಟರಲ್ಲಿ ಅವಳು ಪ್ರೋಗ್ರಾಮು ತುಂಬಿಯಾಗಿತ್ತು. ತವರಿಗೆ ಹೋದ ಸೊಸೆ ವಾಪಸು ಬಂದಿದ್ದಾಳೆ, ಆದ್ದರಿಂದ ಹೋಗಿಯೇ ಇರಲಿಲ್ಲ ಎಂದು ಲೆಕ್ಕ ಬರೆದಂತೆ, ಮೀಟರು ಸೊನ್ನೆ ತೋರಿಸಿತು. ಗಟ್ಟಿ ಕೀಲಿಗೂ ಸೊನ್ನೆ, ಸೀಳಿದ ಕೀಲಿಗೂ ಸೊನ್ನೆ. ಶಿವರಾಮು ಮಾತ್ರ ತುಸು ಹೊತ್ತು ಅದನ್ನೇ ನೋಡಿ, ಏನೇ ಅನ್ನಿ, ಎಷ್ಟು ನಿಶ್ಚಲವಾಗಿ ನಿಂತಿದೆ ಎಂದು ಮೆಚ್ಚಿಕೊಂಡರು.

ಆಮೇಲೆ ಗದಿಗೆಪ್ಪನ ಸರದಿ. ತಪ್ಪು ತನ್ನದೆಂದು ಅವನಿಗೂ ಅನ್ನಿಸಿತ್ತು. ಡ್ರಾಯರು ಕೆದಕಿ ಇನ್ನೊಂದು ಚಿಪ್ಪು ತಂದ. “ಅದಕ್ಕೂ ಎಂಟ ಕಾಲು, ಇದಕ್ಕೂ ಎಂಟ ಕಾಲು. ಹಾಕಿ ನೋಡ್ರಿ,” ಎಂದ. ಕಾಲು ಎಂಟಿದ್ದರೂ ಅದು ಹಳೆಯ ಕಾಲದ, ನಿಧಾನದ ಚಿಪ್ಪು. ಮುದಿ ಎಮ್ಮೆಯನ್ನು ಹಲಗೆಮೇಳದ ಮುಂದೆ ಕುಣಿಯಲು ನಿಲ್ಲಿಸಿದಂತಾಯಿತು. ಅದು ಒಂದು ಕಾಲೆತ್ತುವಷ್ಟರಲ್ಲಿ ಮೇಳ ಮುಂದಿನ ಓಣಿಗೆ ಹೋಗಿರುತ್ತಿತ್ತು. ಮೀಟರು ಒಂದು ಎಂದಿತು.

ಸರಿಯಾದ ಚಿಪ್ಪು ಇನ್ನೊಂದಿತ್ತು. ಪಕ್ಕದ ನೋವೈ ಊರಿನ ಅವನ ಅಪಾರ್ಟ್‌ಮೆಂಟಿನಲ್ಲಿ, ಬಟ್ಟೆಯ ಕ್ಲೋಸೆಟ್ಟಿನ ಮೂಲೆಗೆ ಸೇರಿದ್ದ ಹಳೆಯ ಬೋರ್ಡಿನ ಮೇಲೆ. ವಾಹಿದ್ ಹಿಮ ಕೆದರಿದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಹೋದ. ಹೆಂಡತಿ ಮುಸರ್ರತ್ ಬಾಗಿಲು ತೆರೆದವಳೇ ಸಹಿ ಆಯಿತೇ ಎಂದು ಕೇಳಿದಳು. ಶಿಕಾಗೊ ಹತ್ತಿರದ ವುಡ್‌ರಿಡ್ಜ್‌ನಲ್ಲಿರುವ ಅವಳ ಅಣ್ಣ ಶಾಕಿರ್ ಬೆಳಗಿನಿಂದ ಎರಡು ಸಲ ಫೋನ್ ಮಾಡಿದ್ದನಂತೆ. ಅವನು ಆಗಲೇ ಶಿಕಾಗೊದ ನೆಂಟರಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದನಂತೆ. ಇನ್ನು ಆಗದೆ ಇದ್ದರೆ ಮುಖ ತೋರಿಸುವುದು ಹೇಗೆಂದಳು. ಬೋರ್ಡು ಎಲ್ಲಿ ಎಂದು ಕೇಳಿದರೆ, ಮಗಳು ದಾನಿಯಾ ಶಾಲೆಗೆ ಒಯ್ದಿದ್ದಾಳೆ ಎಂದಳು. ಮನೆಯಿಂದ ಏನಾದರೊಂದು ತಂದು ತರಗತಿಗೆ ತೋರಿಸಿ ಮಾತಾಡುವ ದಿನವಂತೆ.

ಶಾಲೆಯಲ್ಲಿ ಟೀಚರಮ್ಮನಿಗೆ ಇಷ್ಟು ಸಂತೋಷವಾಗಿದ್ದನ್ನು ವಾಹಿದ್ ಕಂಡಿರಲಿಲ್ಲ. ತಂದೆಯೇ ಬಂದಿದ್ದಾರೆ, ತಾವೇ ವಿವರಿಸಲಿ ಎಂದು ಅವನನ್ನು ಪುಟ್ಟ ಕುರ್ಚಿಯೊಂದರಲ್ಲಿ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುವ ಆ ಕುರ್ಚಿಯಲ್ಲಿ ಕೂತು ಅವನು, ಇದು ತೀರಾ ಸಣ್ಣದೊಂದನ್ನು ಅಳೆಯುತ್ತದೆ ಎಂದ. ಸಿಡಿಯುತ್ತದೆಯೇ ಎಂದು ಒಬ್ಬ ಕೇಳಿದ. ಇಲ್ಲವೆಂದಾಗ ತರಗತಿಯ ಅರ್ಧಕ್ಕೆ ಆಸಕ್ತಿ ಹೋಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಮತ್ತೆ ಯಾಕೆ ಅಳೆಯಬೇಕು ಎಂದಳು. ವಾಹಿದ್ ಬೋರ್ಡು ತಿರುಗಿಸಿ ಚಿಪ್ಪು ತೋರಿಸಿದ. ಉತ್ತರ ಕೊಟ್ಟವಳು ದಾನಿಯಾ.

“ಸೋ ದಟ್ ವೀ ಕ್ಯಾನ್ ಸ್ಟೇ,” ಎಂದಳು, ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ.

ವಾಹಿದ್ ಬೋರ್ಡನ್ನು ಎದೆಗೊತ್ತಿಕೊಂಡು ಹೊರಟ.

ಶೆಡ್ಡಿಗೆ ಬಂದು ಚಿಪ್ಪು ಬಿಚ್ಚಿ, ಹೊಸ ಜಾಗಕ್ಕೆ ಸೋಲ್ಡರ್ ಹಾಕಿ, ತಂತಿಗಳನ್ನು ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ ಮಲಗಿಸಿದ. ಕೇಳುವ ತಂತಿಗೆ ಊಟದ ಡಬ್ಬಿಯ ಅಲ್ಯೂಮಿನಿಯಂ ಹಾಳೆ ಸುತ್ತಿದ. ಪದ್ಮಜಾ ಹಳೆಯ ಪ್ರೋಗ್ರಾಮನ್ನೇ ಮತ್ತೆ ತುಂಬಿದಳು. ಗಟ್ಟಿ ಕೀಲು ತಳ್ಳಿದರೆ ಹನ್ನೆರಡು. ಬಿರುಕಿನದು ತಳ್ಳಿದರೆ ಎಂಟು. ಮತ್ತೆ ಗಟ್ಟಿಯದು, ಹನ್ನೆರಡು. ಗದಿಗೆಪ್ಪ ಕೈ ಮುಗಿದ. ವಾಹಿದನಿಗೆ ಕಣ್ಣು ಮಂಜಾಯಿತು. ಹೊತ್ತಿಗೆ ಮಾಡಲಾಗದ ನಮಾಜು ಬಾಕಿಯಿತ್ತು. ಕೈಕಾಲು ತೊಳೆದುಕೊಂಡು ಸ್ಟೋರ್ ರೂಮಿಗೆ ಹೋದ.

ಅವನು ಅತ್ತ ಹೋದದ್ದೇ ಇತ್ತ ಶಿವರಾಮು ಅವರ ಹೆಂಡತಿ ಪ್ರಭಾವತಿ ಬಂದರು. ಬರುವ ಗಿರಾಕಿಗೆಂದು ಕೇಸರಿಬಾತು, ನಿಪ್ಪಟ್ಟು ಮಾಡಿ ತಂದಿದ್ದರು. ಪಾತ್ರೆ ಇಟ್ಟು ಮೀಟರು ನೋಡಿದರು. ಹನ್ನೆರಡು ಅಂದರೆ ಕಲ್ಲಲ್ಲಿ ಕೊರೆದ ಹನ್ನೆರಡಲ್ಲ. ಜೀವ ಇರುವುದು ಯಾವುದೂ ಹಾಗೆ ನಿಲ್ಲುವುದಿಲ್ಲ. ಅಂಕಿ ಹನ್ನೊಂದೂ ಮುಕ್ಕಾಲಿಗೂ ಹನ್ನೆರಡೂ ಕಾಲಿಗೂ ನಡುವೆ ತೊನೆಯುತ್ತಿತ್ತು.

“ಯಾಕೇ ಪದ್ಮಜಾ, ಇದು ಚಳಿಜ್ವರ ಬಂದವರ ಹಾಗೆ ನಡುಗ್ತಾ ಇದೆಯಲ್ಲೇ. ಬಂದವರು ನೋಡಿದ್ರೆ ಏನಂದ್ಕೋತಾರೆ?”

ಶಿವರಾಮು ಅವರಿಗೂ ಅದು ಹೌದೆನ್ನಿಸಿತು. ಬೆಳಗಿನ ಸೊನ್ನೆ ಎಷ್ಟು ಗಂಭೀರವಾಗಿತ್ತು ಎಂದು ನೆನಪಿಸಿದರು. ಪದ್ಮಜಾಗೆ ಇದು ಎರಡು ಸಾಲಿನ ಕೆಲಸ: ಅಂಕಿ ಸಣ್ಣಪುಟ್ಟದಕ್ಕೆಲ್ಲ ಬದಲಾಗಕೂಡದು, ದೊಡ್ಡ ವ್ಯತ್ಯಾಸ ಬಂದರೆ ಮಾತ್ರ ಬದಲಾಗಬೇಕು. ಬರೆದಳು, ತುಂಬಿದಳು. ಹನ್ನೆರಡು ಗೂಟಕ್ಕೆ ಕಟ್ಟಿದಂತೆ ನಿಂತಿತು. ವಾಹಿದ್ ನಮಾಜು ಮುಗಿಸಿ ಬರುವುದಕ್ಕೂ ಹೊರಗೆ ಟ್ರಕ್ಕು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸ್ವಲ್ಪ ಸ್ಟೆಡಿ ಮಾಡಿದೀನಿ ಎಂದು ಅವಳು ಅಂದದ್ದಕ್ಕೆ ಅವನು ಉಪಕಾರವನ್ನೇ ನೆನೆದ.

ಗಿರಾಕಿಯ ಹೆಸರು ಡೇಲ್. ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ಮುಖ್ಯಸ್ಥ. ಹೋರಿಯಂಥ ಆಳು, ಮಾತು ಕಡಿಮೆ. ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಹತ್ತು ಕೀಲು. ತಾನೇ ಒಂದೊಂದಾಗಿ ಕೊಳವೆಗೆ ತಳ್ಳಿದ.

ಹನ್ನೆರಡು. ಹನ್ನೆರಡು. ಮೂರನೆಯ ಕೀಲು ಅವನ ಬೆರಳಲ್ಲಿದ್ದಾಗಲೇ ವಾಹಿದನ ಕಣ್ಣಿಗೆ ಬಿತ್ತು. ಅದರ ಮೈಮೇಲೆ ಬೇಸಿಗೆಯ ಎರೆಹೊಲದಂಥ ಬಿರುಕಿತ್ತು. ಹನ್ನೆರಡು. ಆಮೇಲಿನವೂ ಹನ್ನೆರಡು. ಶಿವರಾಮು ಪ್ರತಿ ಹನ್ನೆರಡಕ್ಕೂ ಮಗುವಿಗೆ ಬಹುಮಾನ ಬಂದಂತೆ ತಲೆಯಾಡಿಸಿದರು.

ವಾಹಿದ್ ಮೆಲ್ಲಗೆ ಪದ್ಮಜಾಳ ಪಕ್ಕಕ್ಕೆ ಸರಿದ. “ಮೇಡಂ, ಎಷ್ಟು ಫರಕ್ ಬಂದ್ರ ಬದಲಾಗ್ಲಿ ಅಂತ ಇಟ್ಟೀರಿ?”

“ಐದು. ಯಾಕೆ?”

ಹನ್ನೆರಡಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ನಾಲ್ಕು. ವಾಹಿದ್ ಗೋಡೆಗೆ ಒರಗಿ ನಿಂತ.

ಡೇಲ್ ಎರಡು ಸಲ ಹಾಕಿಸಿಕೊಂಡು ಕೇಸರಿಬಾತು ತಿಂದ, ಎಲ್ಲರ ಕೈ ಕುಲುಕಿದ, ದಾರಿಯಿಂದಲೇ ಫೋನ್ ಮಾಡಿ ತಿಳಿಸುತ್ತೇನೆಂದು ಹೊರಟ. ಪ್ರಭಾವತಿಯವರು ಆಗಲೇ ಎಲ್ಲರಿಗೂ ಸಿಹಿ ಬಡಿಸತೊಡಗಿದ್ದರು. ವಾಹಿದ್ ಮಾತ್ರ ತಟ್ಟೆ ಮುಟ್ಟದೆ ಲೆಕ್ಕ ಹಾಕಿದ. ಮೀಟರು ಕಾರ್ಖಾನೆಗೆ ಹೋಗುತ್ತದೆ, ಒಂದಲ್ಲ ಒಂದು ದಿನ ಒಡೆದ ಕೀಲು ಸಿಗುತ್ತದೆ, ಗಿರಾಕಿ ಕೋರ್ಟಿಗೆ ಹೋಗುತ್ತಾನೆ, ಶೆಡ್ಡು ಮುಚ್ಚುತ್ತದೆ, ಅದರ ಜೊತೆಗೆ ಅರ್ಜಿಯೂ. ಈಗಲೇ ಹೇಳಿಬಿಟ್ಟರೆ ಪ್ರೋಗ್ರಾಮಿನಲ್ಲಿ ಒಂದು ಅಂಕಿ ತಿದ್ದುವ ಮಾತು. ಇಷ್ಟು ಯೋಚಿಸಿ ಮುಗಿಯುವಷ್ಟರಲ್ಲಿ ಅವನ ಕಾಲು ಪಾರ್ಕಿಂಗಿನಲ್ಲಿ ಓಡುತ್ತಿತ್ತು. ಕೋಟು ಒಳಗೇ ಉಳಿದಿತ್ತು. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಮೂಗಿನ ಹನಿಯೂ ಹರಳಾಗುವ ಚಳಿ.

ಡೇಲ್ ಟ್ರಕ್ಕಿನ ಗಾಜು ಇಳಿಸಿ ಪೂರ್ತಿ ಕೇಳಿಸಿಕೊಂಡ.

“ಗೊತ್ತು,” ಎಂದ. “ಆ ಹತ್ತೂ ಬಿರುಕು ಬಿಟ್ಟವೇ. ಆರಿಸಿ ತಂದಿದ್ದೆ.”

ವಾಹಿದ್ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದ. ಡೇಲ್ ಸಮಾಧಾನವಾಗಿ ತಿಳಿಸಿ ಹೇಳಿದ. ಕಾರು ಕಂಪನಿಯ ಕಟ್ಟಳೆಯ ಪ್ರಕಾರ ಪ್ರತಿ ಕೀಲೂ ಯಂತ್ರದ ಪರೀಕ್ಷೆಗೆ ಒಳಗಾಗಬೇಕು. ಯಂತ್ರ ಏನಾದರೂ ಕಂಡುಹಿಡಿಯಲೇಬೇಕೆಂದು ಕಟ್ಟಳೆಯಲ್ಲಿ ಎಲ್ಲೂ ಇಲ್ಲ. ಗ್ಲೋವ್ ಬಾಕ್ಸಿನ ಮುಚ್ಚಳ ಕಳಚಿ ಈವರೆಗೆ ಯಾರ ಕೂದಲೂ ಕೊಂಕಿಲ್ಲ. ಹಿಂದೆ ತಂದ ಮೀಟರುಗಳೆಲ್ಲ ಚಾಡಿಕೋರ ಮಕ್ಕಳಂತೆ ಗಳಿಗೆಗೊಂದು ಬಿರುಕು ಕೂಗಿ ಹೇಳಿ ಕೆಲಸ ನಿಲ್ಲಿಸುತ್ತಿದ್ದವು. ಇಂಥ ಶಾಂತಸ್ವಭಾವದ ಮೀಟರು ಅವನಿಗೆ ಸಿಕ್ಕಿದ್ದು ಇದೇ ಮೊದಲು.

ಅಲ್ಲಿಗೆ ಸುಮ್ಮನೆ ತಿರುಗಿ ಬರಬಹುದಾಗಿತ್ತು. ಆದರೆ ಕಳೆದ ಬೇಸಿಗೆಯಿಂದ ಆ ನಾಲ್ಕು ಮಿಲಿವೋಲ್ಟಿನ ವ್ಯತ್ಯಾಸಕ್ಕಾಗಿ ಒದ್ದಾಡಿದವನಿಗೆ, ನಿನ್ನ ಮೀಟರಿಗೆ ಏನೂ ಕಾಣುವುದಿಲ್ಲ, ಅದಕ್ಕೇ ಇಷ್ಟವಾಯಿತು ಎಂದರೆ ಎಲ್ಲಿಯೋ ಚುಚ್ಚುತ್ತದೆ. ನನ್ನ ಮೀಟರು ಕುರುಡಲ್ಲ, ಒಂದು ಅಂಕಿ ತಿದ್ದಿದರೆ ಹತ್ತಕ್ಕೆ ಹತ್ತೂ ಹಿಡಿಯುತ್ತದೆ, ಬೇಕಾದರೆ ಈಗಲೇ ಬಂದು ನೋಡು ಎಂದು ಹಲ್ಲು ಕಟಕಟಿಸುತ್ತಲೇ ಹೇಳಿದ.

ಡೇಲನ ಮುಖದ ನಗು ಆರಿತು. “ಅದನ್ನು ಸರಿಮಾಡೋದು ನಿನಗೆ ಗೊತ್ತಿದೆ?”

“ಎರಡು ನಿಮಿಷದ ಕೆಲಸ,” ಎಂದ ವಾಹಿದ್, ಹೆಮ್ಮೆಯಿಂದ.

ಡೇಲ್ ಅವನ ಹೆಸರು ಕೇಳಿಕೊಂಡು, ಗಾಜು ಏರಿಸಿ ಹೊರಟುಹೋದ.

ವಾಹಿದ್ ಒಳಗೆ ಬಂದು ಹೀಟರಿನ ಮುಂದೆ ಅಂಗೈ ಕಾಯಿಸುತ್ತಿರುವಾಗ ಫೋನು ಬಂತು. ಶಿವರಾಮು ಎದ್ದು ನಿಂತೇ ಮಾತಾಡಿದರು. ಮೊದಲು ಹಿಗ್ಗಿದರು, ಆಮೇಲೆ ಹುಬ್ಬು ಗಂಟಿಕ್ಕಿದರು, ಕಡೆಗೆ ಆಗಲಿ ಆಗಲಿ ಎಂದು ಇಟ್ಟರು. ಆರ್ಡರು ಬಂದಿತ್ತು, ಶೆಡ್ಡು ಕಂಡುಕೇಳರಿಯದಷ್ಟು ದೊಡ್ಡದು. ಜೊತೆಗೆ ಎರಡು ಷರತ್ತು. ಮೀಟರು ಇವತ್ತು ಹೇಗಿದೆಯೋ ಹಾಗೆಯೇ ಅಂಟು ಸುರಿದು ಮುಚ್ಚಬೇಕು, ಇನ್ನು ಮುಂದೆ ಒಳಗೆ ಏನನ್ನೂ ತಿದ್ದಕೂಡದು. ಎರಡನೆಯದು, ಕೋಟಿಲ್ಲದೆ ಓಡಿಬಂದ ವಾಹಿದ್ ಎಂಬ ಆ ಮನುಷ್ಯನನ್ನು ಅದರ ಹತ್ತಿರಕ್ಕೂ ಬಿಡಕೂಡದು.

“ಹೊರಗಡೆ ಏನ್ರೀ ಹೇಳಿದ್ರಿ ಅವರಿಗೆ?”

“ಇದ್ದದ್ದು ಹೇಳಿದೆ, ಸರ್.”

“ಇವತ್ತೇ ಹೇಳ್ಬೇಕಾಗಿತ್ತೇನ್ರೀ ಅದನ್ನ?”

ಪದ್ಮಜಾ ನಿಪ್ಪಟ್ಟು ಮುರಿಯುವ ಸದ್ದು ಕೇಳಿಸಬಾರದೆಂದು ಬಾಯಲ್ಲೇ ನೆನೆಸತೊಡಗಿದಳು. ಗದಿಗೆಪ್ಪ ಚಾವಣಿ ನೋಡಿದ.

ಐದಕ್ಕೆ ಸರಿಯಾಗಿ ವಕೀಲರು. ಶಿವರಾಮು ಮಾತಿಗೆ ತಪ್ಪುವವರಲ್ಲ; ಪೆನ್ನಿನ ಟೋಪಿ ತೆಗೆದೇ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಗಿರಾಕಿ ಒಪ್ಪಿದ್ದಕ್ಕೆ ವಕೀಲರು ಅಭಿನಂದನೆ ಹೇಳಿದರು. ಅರ್ಜಿಯಲ್ಲಿ ಇನ್ನೊಂದೇ ಜಾಗ ಖಾಲಿಯಿದೆ, ತುಂಬಿಬಿಡೋಣ ಎಂದರು. ಮೀಟರು ಮಾಡಿ ಮುಗಿದ ಮೇಲೆ ಶ್ರೀ ವಾಹಿದ್ ಅವರ ಕಾಯಂ ಕೆಲಸವೇನು?

ಶಿವರಾಮು ವಾಹಿದನನ್ನು ನೋಡಿದರು. ಮೈಸೂರಿನ ದಾಕ್ಷಿಣ್ಯ ಒಂದು ಕಡೆ, ವಕೀಲರೆದುರು ಸುಳ್ಳು ಹೇಳಬಾರದೆಂಬ ಭಯ ಇನ್ನೊಂದು ಕಡೆ. ಕಡೆಗೆ, ಗಿರಾಕಿಯ ಷರತ್ತಿನ ಪ್ರಕಾರ ಇನ್ನು ಮುಂದೆ ಅವರು ಯಾವುದನ್ನೂ ಮುಟ್ಟದೆ, ಏನನ್ನೂ ಮಾಡದೆ ಇರಬೇಕು, ಅಷ್ಟೇ ಅವರ ಕೆಲಸ ಎಂದರು.

ಆ ಕಡೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ ವಕೀಲರು ಬಹಳ ವಿಷಾದದಿಂದ, ಅಂಥ ಕೆಲಸಕ್ಕೆ ಅಮೆರಿಕದಲ್ಲಿ ಯಾರೂ ಸಿಗುವುದಿಲ್ಲವೆಂದು ಸರಕಾರವನ್ನು ನಂಬಿಸುವುದು ತಮ್ಮಿಂದಾಗದು ಎಂದರು.